ಒಂದೇ ಬಿದಿರಿಗೆ ಮೂರು ಝಂಡಿ

ಪೊಮರೂನ್ ನದಿಬಾಯಿ, ಎಸೆಕಿಬೊ
ಮಾರ್ಚ್ ೧೪, ಗುರುವಾರ

ನನ್ನ ಮುದ್ದಿನ ಅಳಿಯ ಹೇಮಚಂದನಿಗೆ,

ಹೇಗಿದ್ದೀಯಪ್ಪಾ? ಎಣ್ಣೆ ಕಂಪನಿಯ ಹಡಗಿನ ಊಟ ಈಗಲಾದರೂ ಮೈಗೆ ಹಿಡಿಯಿತೇ? ಅಲ್ಲಿಯ ಅಡುಗೆಯವನು ಮೀನನ್ನು ಬರೀ ನೀರಿನಲ್ಲಿ ಬೇಯಿಸಿ ಬಡಿಸುತ್ತಾನೆ ಎಂದಿದ್ದೆಯಲ್ಲ, ಅಂಥವನನ್ನು ಸುಮ್ಮನೆ ನಂಬಬೇಡ. ಮೀನಿಗೆ ಮೆಣಸಿನಕಾಯಿ ಹಾಕದವನು ಏನು ಬೇಕಾದರೂ ಮಾಡಿಯಾನು. ನಿನ್ನ ಅವ್ವ ಕೌಸಿಲ್ಲಾಳ ಮಂಡಿನೋವು ಇದ್ದ ಹಾಗೇ ಇದೆ, ನಾಲಗೆ ಮಾತ್ರ ದಿನದಿಂದ ದಿನಕ್ಕೆ ಚುರುಕಾಗುತ್ತಿದೆ. ನನ್ನದೇನು ಕೇಳುತ್ತೀ, ಈ ವಯಸ್ಸಿನಲ್ಲೂ ತೆಂಗಿನಮರ ಹತ್ತಿ ಇಳಿಯುತ್ತೇನೆ. ಕೆಳಗೆ ನಿಂತು ನೋಡುವ ಹುಡುಗರಿಗೇ ತಲೆ ಸುತ್ತುತ್ತದೆ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಗೋಡೆಗೆ ಕಿವಿ ಇದೆಯೋ ಇಲ್ಲವೋ ನಾನರಿಯೆ, ಈಗಿನ ಫೋನಿಗಂತೂ ಇದೆ. ಜಾರ್ಜ್‌ಟೌನಿಗೆ ತೆಂಗಿನಕಾಯಿ ಸಾಗಿಸುವ ನಮ್ಮ ಪಕ್ಕದ ಮನೆಯ ಕತ್‌ಬರ್ಟ್ ನಾಳೆ ನಿಮ್ಮ ಹಡಗು ಅಲ್ಲಿನ ಕಟ್ಟೆಗೆ ಬಂದಾಗ ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿ ಮೇಲೆ ಹೆಬ್ಬೆರಳು ಒತ್ತುತ್ತೇನೆ. ಗುರುತು ಕೆಟ್ಟಿದ್ದರೆ ಕತ್‌ಬರ್ಟನ ಮುಖವನ್ನು ಚೆನ್ನಾಗಿ ನೋಡಿಕೋ, ಏನೂ ಮಾತಾಡಬೇಡ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಮಾವ ಎರಡು ದೇಶಗಳಲ್ಲಿ ಹೆಸರುವಾಸಿಯಾಗಿದ್ದಾನೆ. ನಗಬೇಡ. ಎಲ್ಲ ಶುರುವಾದದ್ದು ನೀನು ಒಂದು ದಿನಕ್ಕೆ ಬಂದು ಹೋದ ಕಳೆದ ಭಾನುವಾರದ ಪೂಜೆಯಿಂದ. ಎಣ್ಣೆ ಬಾವಿಗಳ ಹತ್ತಿರ ಗಡಿಯಾಚೆಯವರ ಆ ಬೂದು ಬಣ್ಣದ ಫಿರಂಗಿ ಹಡಗು ನಿಮಗೆ ಅಡ್ಡ ಬಂದು, ಯಾರ ಅಪ್ಪಣೆ ಕೇಳಿ ನಮ್ಮ ಸಮುದ್ರಕ್ಕೆ ಬಂದಿರಿ ಎಂದು ಕೂಗಿತೆಂದು ನೀನು ಹೇಳಿದ ದಿನವೇ ನಿನ್ನ ಅವ್ವ ಹರಕೆ ಹೊತ್ತಳು. ದುರ್ಗೆಗೆ ಹಳದಿ ಬಾವುಟ, ಹನುಮಂತನಿಗೆ ಕೆಂಪು, ನಿನ್ನ ಸಾಡೇಸಾತಿಗೆಂದು ಶನಿದೇವರಿಗೆ ನೀಲಿ. ಮೂರು ಝಂಡಿಗೆ ಮೂರು ಬಿದಿರು ಬೇಕು ಎಂದು ಅವಳು ಹೇಳಿದ್ದು ನಿಜ. ಆದರೆ ಈ ಸಲದ ನೆರೆಯಲ್ಲಿ ಬಿದಿರು ಮೆಳೆಯೆಲ್ಲ ಕೊಚ್ಚಿಹೋಗಿ, ನೆಟ್ಟಗಿನದು ಒಂದೇ ಸಿಕ್ಕಿತು. ಪಂಡಿತರೇ ತಲೆ ಕೆರೆದುಕೊಳ್ಳುತ್ತಿದ್ದಾಗ ಉಪಾಯ ಹೊಳೆದದ್ದು ನನಗೆ. ತಾಯಿ ದುರ್ಗೆ ಎಲ್ಲರಿಗಿಂತ ಮೇಲೆ, ಹನುಮಂತ ಸೇವಕ, ಅವನು ಪಾದದ ಬಳಿ. ಶನಿಯನ್ನು ಇಬ್ಬರ ನಡುವೆ ಒತ್ತಿ ಕೂರಿಸಿದರೆ ಅತ್ತಿತ್ತ ಮಿಸುಕುವಂತಿಲ್ಲ. ಇಂಥ ಏರ್ಪಾಡು ಯಾವ ಪಂಡಿತರಿಗೆ ಹೊಳೆದೀತು ಹೇಳು!

ಮೇಲೆ ಹಳದಿ, ನಡುವೆ ನೀಲಿ, ಕೆಳಗೆ ಕೆಂಪು. ಅದು ಗಡಿಯಾಚೆಯ ದೇಶದ ಬಾವುಟದ್ದೇ ಬಣ್ಣ, ಅದೇ ಸಾಲು ಎಂದು ನಿನ್ನ ಮಾವನ ಬುದ್ಧಿವಂತ ತಲೆಗೆ ಹೊಳೆಯಲಿಲ್ಲ. ಆ ಬಾವುಟದ ನೀಲಿಯಲ್ಲಿ ನಕ್ಷತ್ರಗಳಿವೆಯಂತೆ. ನಮ್ಮ ನೀಲಿಯಲ್ಲಿ ಜಿರಲೆ ತಿಂದ ತೂತುಗಳಿದ್ದವು. ದೂರದಿಂದ ಅವೂ ಮಿನುಗಿದವೋ ಏನೋ.

ಮೊದಲಾಗಿದ್ದರೆ ಯಾರು ಕೇಳುತ್ತಿದ್ದರು? ಈ ಕೆಸರು ದಂಡೆ ಸೊಳ್ಳೆಗೂ ಬೇಡವಾಗಿತ್ತು. ಹಿತ್ತಲಲ್ಲಿ ನಿಧಿ ಸಿಕ್ಕಿತೆಂದರೆ ದಾಯಾದಿಗೆ ವಂಶವೃಕ್ಷ ನೆನಪಾಗುತ್ತದೆ. ಹಾಗೆಯೇ ಸಮುದ್ರದಲ್ಲಿ ಎಣ್ಣೆ ಉಕ್ಕಿದ ಮೇಲೆ ಆಚೆಯವರಿಗೆ ಮುತ್ತಜ್ಜನ ಕಾಲದ ನಕ್ಷೆ ನೆನಪಾಯಿತು. ಎಸೆಕಿಬೊ ನಮ್ಮದು ಎಂದು ಅವರು ಮತ ಹಾಕಿಸಿಕೊಂಡಂದಿನಿಂದ ಇಲ್ಲಿ ಗಂಡ ಹೆಂಡತಿಯನ್ನು ನಂಬುವುದಿಲ್ಲ. ಚಾರಿಟಿ ಊರಿನ ಸಂತೆಯಲ್ಲಿ ಜೋಳದ ಕಡುಬು ಮಾರುವ ಆಚೆ ದೇಶದ ಹೆಂಗಸಿನ ಬಳಿ ಯಾರೂ ಕೊಳ್ಳುತ್ತಿಲ್ಲ. ಹರೆಯದಲ್ಲಿ ನಾನು ಆ ದೇಶಕ್ಕೆ ಬಾಳೆಗೊನೆ ಹೊರಲು ಹೋಗಿದ್ದೆನಲ್ಲ, ಅದನ್ನೂ ಈಗ ಊರವರು ಎತ್ತಿ ಆಡುತ್ತಿದ್ದಾರೆ. ಸೋಮವಾರ ಬೆಳಿಗ್ಗೆಯೇ ಕತ್‌ಬರ್ಟ್ ದೋಣಿಯಿಂದ ಕೂಗಿದ: "ಏನಯ್ಯಾ ಸುಗ್ರಿಮ್, ನಿನ್ ದೇವರುಗಳಿಗೆ ಬೇರೆ ಬಣ್ಣ ಸಿಗ್ಲಿಲ್ವಾ? ಇಲ್ಲಾ, ಆಚೆಯವರು ಬರೋಕ್ ಮುಂಚೆನೇ ಮೆಟ್ಲು ತೊಳೀತಿದ್ದೀಯಾ?" ನಾನೂ ಬಿಡಲಿಲ್ಲ: "ಬಂದ್ರೆ ಮೊದಲು ನಿನ್ ದೋಣಿಗೇ ಹತ್ತಿಸ್ತೀನಿ, ತೂತಿರೋದು ಅದೊಂದೇ!" ನಗುವಿನಲ್ಲೇ ಮುಗಿಯಿತೆಂದುಕೊಂಡೆ.

ನಿನ್ನೆ ಬುಧವಾರ ಸೈನಿಕರ ದೋಣಿ ನಮ್ಮ ಕಟ್ಟೆಗೆ ಬಂದು ನಿಂತಿತು. ಸಾರ್ಜೆಂಟ್ ಒಳ್ಳೆಯ ಮಾತಿನವನು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ತನ್ನ ಫೋನ್ ನನ್ನ ಕೈಗಿಟ್ಟ. ಅದರಲ್ಲಿ ನಮ್ಮ ಹಿತ್ತಲು, ನಮ್ಮ ಬಿದಿರು, ಮೂರು ಝಂಡಿ. ಆಚೆ ದೇಶದಲ್ಲಿ ಅದು ಫೋನಿನಿಂದ ಫೋನಿಗೆ ಹಾರುತ್ತಿದೆಯಂತೆ. ಕೆಳಗೆ ಅವರ ಭಾಷೆಯಲ್ಲಿ ಏನೋ ಬರೆದಿತ್ತು. "ಇದೇನು ಬರೆದಿದೆಯೋ ನಂಗೊತ್ತಿಲ್ಲ, ಅಂಕಲ್," ಎಂದ. ನಾನು ಸುಮ್ಮನಿರಬೇಕಿತ್ತು. ಆದರೆ ನಾಲ್ಕನೇ ಇಯತ್ತೆಯವನಿಗೆ ಸಾರ್ಜೆಂಟನ ಮುಂದೆ ಓದಿ ತೋರಿಸುವ ಯೋಗ ದಿನಾ ಬರುತ್ತದೆಯೇ? "ಎಸೆಕಿಬೊ ಜನ ತಾವಾಗಿಯೇ ನಮ್ಮ ಬಾವುಟ ಏರಿಸಿದ್ದಾರೆ" ಎಂದು ಗಟ್ಟಿಯಾಗಿ ಅರ್ಥ ಹೇಳಿಬಿಟ್ಟೆ. ಅವನು ನನ್ನ ಮುಖವನ್ನೇ ನೋಡಿದ. "ಭಾಷೆ ಚೆನ್ನಾಗಿ ಬರತ್ತೆ ಅಂಕಲ್‌ಗೆ," ಎಂದ. ಕೌಸಿಲ್ಲಾ ಹಣೆ ಚಚ್ಚಿಕೊಂಡಳು.

ಬಿದಿರು ಕೀಳಿ ಎಂದರು. ನೆಟ್ಟ ಝಂಡಿಯನ್ನು ನೆಟ್ಟವರು ಕೀಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಗಾಳಿ ಮಳೆಗೆ ತಾನಾಗಿ ಹರಿದು ಬೀಳಬೇಕು. ಮೊದಲೇ ಕಿತ್ತರೆ ಹರಕೆ ಯಾರ ಹೆಸರಿನದೋ ಅವರಿಗೆ ಕೇಡು. ಒಬ್ಬ ಸೈನಿಕ ಬಿದಿರಿಗೆ ಕೈ ಹಾಕಿದ್ದೇ ತಡ, ನಿನ್ನ ಅವ್ವ ಮಂಡಿನೋವು ಮರೆತು ಬುಡವನ್ನು ತಬ್ಬಿ ಕುಳಿತಳು. "ಮೊದ್ಲು ನನ್ನ ಕಿತ್ ಹಾಕ್ರೋ! ನನ್ ಮಗ ಸಮುದ್ರದ ಮೇಲವ್ನೆ, ಇದು ಅವನ ಉಸಿರು!" ಎಂದು ಕೂಗಿದಳು. ಸೈನಿಕ ಕೈ ಹಿಂದಕ್ಕೆ ತೆಗೆದ. ಆಗ ಮತ್ತೆ ಉಪಾಯ ಹೊಳೆದದ್ದು ನಿನ್ನ ಮಾವನಿಗೇ. ಸತ್ಯನಾರಾಯಣನಿಗೊಂದು ಬಿಳಿ ಝಂಡಿ ಬಾಕಿ ಇದೆ ಸಾಹೇಬ್ರೇ ಎಂದು ಒಳಗೆ ಓಡಿ, ನನ್ನ ಮದುವೆಯ ಧೋತಿಯನ್ನೇ ಹರಿದು ತಂದೆ. ಏಣಿ ಹಾಕಿ ಎಲ್ಲಕ್ಕೂ ಮೇಲೆ ಕಟ್ಟಿದೆ. ಸಾರ್ಜೆಂಟ್ ದೂರ ಸರಿದು, ತಲೆ ವಾಲಿಸಿ ನೋಡಿದ. "ಈಗ ಇದು ಯಾವ ದೇಶದ್ದೂ ಅಲ್ಲ ಬಿಡಿ," ಎಂದು ನಕ್ಕ. ನಿನ್ನ ಹರಕೆ ಉಳಿಯಿತು, ಮಗನೇ. ಧೋತಿ ಹೋದರೆ ಹೋಗಲಿ, ಆ ಮದುವೆಯಿಂದ ನನಗೆ ದೊಡ್ಡ ಉಪಕಾರವೇನೂ ಆಗಿರಲಿಲ್ಲ.

ಆದರೆ ಚಿತ್ರ ತೆಗೆದವರು ಯಾರು ಎಂಬುದು ಸೈನಿಕರಿಗೆ ಬೇಕು. ಅದು ಗೊತ್ತಾಗುವವರೆಗೆ ಬಿಡುವವರಲ್ಲ. ಕತ್‌ಬರ್ಟನೇ ತೆಗೆದದ್ದು ಎಂದು ನಿನ್ನ ಅವ್ವ ಅವನ ಮನೆಗೆ ರೊಟ್ಟಿ ಕಳಿಸುವುದನ್ನೇ ನಿಲ್ಲಿಸಿದ್ದಾಳೆ. ಅವನು ಇನ್ನೊಂದು ಪಕ್ಕದ ಮನೆಯ ಜೈತೂನ್ ಬೀಬಿಯ ಕಡೆ ಬೆರಳು ತೋರಿಸುತ್ತಾನೆ. ಬೀಬಿ ನನ್ನ ಕಡೆಗೇ ಓರೆಗಣ್ಣಿನಲ್ಲಿ ನೋಡುತ್ತಾಳೆ. ಒಂದೇ ನದಿಯ ನೀರು ಕುಡಿಯುವ ಮೂರು ಮನೆ, ಮೂರಕ್ಕೂ ಹಗಲಲ್ಲೇ ಅಗಳಿ ಬಿದ್ದಿದೆ.

ಬಿಸಿಲಲ್ಲಿ ಟೋಪಿ ಹಾಕಿಕೋ, ಹಡಗಿನ ಅಂಚಿನಲ್ಲಿ ನಿಲ್ಲಬೇಡ. ದುರ್ಗೆ ಮೇಲಿನಿಂದ ನೋಡಿಕೊಳ್ಳಲಿ, ಹನುಮಂತ ಕೆಳಗಿನಿಂದ ಹೊರಲಿ, ಶನಿ ನಡುವೆ ತೆಪ್ಪಗಿರಲಿ.

ನಿನ್ನ ಸೋದರಮಾವ,
ಸುಗ್ರಿಮ್

ಮರೆತಿದ್ದೆ: ಕೌಸಿಲ್ಲಾ ಒಲೆ ಮುಂದಿದ್ದಾಳೆ, ಬೇಗ ಬರೆಯುತ್ತೇನೆ. ಆ ಚಿತ್ರದ ಮೂಲೆಯಲ್ಲಿ, ನಮ್ಮ ಅಡುಗೆಮನೆಯ ಕಟಾಂಜನದ ಮೇಲೆ, ನಿನ್ನ ಕಂಪನಿಯ ಕಿತ್ತಳೆ ಬಣ್ಣದ ಬೂಟು ಒಣಗುತ್ತಿವೆ. ಅವು ಅಲ್ಲಿದ್ದದ್ದು ಭಾನುವಾರ ಮಾತ್ರ. ಅವುಗಳ ಪಕ್ಕಕ್ಕೆ ಬಿದಿರು ಹಾಗೆ ಕಾಣುವುದು ನಮ್ಮ ಜೋಲಿಯಲ್ಲಿ ಮಲಗಿದವನಿಗೆ ಮಾತ್ರ, ಅಂದು ಮಲಗಿದ್ದವನು ನೀನು. ಸಾರ್ಜೆಂಟನ ಫೋನ್ ನನ್ನ ಕೈಯಲ್ಲಿದ್ದಷ್ಟು ಹೊತ್ತೂ ಹೆಬ್ಬೆರಳನ್ನು ಆ ಮೂಲೆಯ ಮೇಲೇ ಇಟ್ಟುಕೊಂಡಿದ್ದೆ. ಅವನು ಹೊರಡುವಾಗ, ಬೇರೆ ಯಾರಿಗೂ ಕೇಳಿಸದಂತೆ, ಚಿತ್ರ ತೆಗೆದದ್ದು ನಾನೇ ಎಂದು ಹೇಳಿದ್ದೇನೆ. ಸೋಮವಾರ ನನ್ನ ಫೋನ್ ನೋಡಲು ಬರುತ್ತಾರೆ. ನನ್ನದರಲ್ಲಿ ಗುಂಡಿ ಮತ್ತು ಟಾರ್ಚ್ ಬಿಟ್ಟರೆ ಏನಿದೆ ಹೇಳು! ನಿನ್ನ ಹಳೆಯ ಫೋನಿಗೆ ಆ ಚಿತ್ರ ಹಾಕಿ ಕತ್‌ಬರ್ಟ್ ಕೈಯಲ್ಲಿ ಕಳಿಸು, ಬಟ್ಟೆಯಲ್ಲಿ ಸುತ್ತಿ, ಅದನ್ನೇ ನನ್ನದೆಂದು ತೋರಿಸುತ್ತೇನೆ. ಹಡಗಿನಲ್ಲಿ ಯಾರಿಗೆ ತಮಾಷೆಗೆಂದು ಕಳಿಸಿದೆಯೋ, ಅದನ್ನು ಗಡಿ ದಾಟಿಸಿದವನು ಅವನೇ, ನಿನ್ನ ಗೆಳೆಯನಲ್ಲ. ಅವನ ಹೆಸರು ಬರೆಯಬೇಡ, ಬಂದಾಗ ನನ್ನ ಕಿವಿಯಲ್ಲಿ ಹೇಳು. ಬರುವಾಗ ಆ ಬೂಟು ಹಾಕಿಕೊಂಡು ಬರಬೇಡ.