ನಿಮ್ಮಮ್ಮ ಮಾಡಿಸಿಕೊಳ್ಳದ ಪರೀಕ್ಷೆ

ಭಾನುವಾರ, ಮಾರ್ಚ್ 9

ಪ್ರೀತಿಯ ಪುಟ್ಟಿಗೆ,

ನಿನ್ನ ಅಪ್ಪ ಚೆನ್ನಾಗಿದ್ದಾನೆ. ಎಂದಿನಂತೆ ಊರವರ ಬಾಯಿ ತೆರೆಸಿಕೊಂಡು ಹೊಟ್ಟೆ ಹೊರೆಯುತ್ತಿದ್ದಾನೆ. ನೀನೂ ನಿನ್ನ ಕನ್ನಡಕದ ಹುಡುಗನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಹಲ್ಲಿನ ಕ್ಲಿನಿಕ್ಕಿನ ಕುರ್ಚಿ ಕೆಟ್ಟಿತ್ತು, ನನಗೆ ನೆಗಡಿಯಾಗಿತ್ತು ಎಂದು ಒಳ್ಳೊಳ್ಳೆಯ ನೆಪಗಳನ್ನು ಹೊಂದಿಸಿಟ್ಟುಕೊಂಡಿದ್ದೆ. ಆದರೆ ನಿನ್ನ ಮುಂದೆ ನನ್ನ ನೆಪ ಯಾವತ್ತು ನಡೆದಿದೆ? ನಿನ್ನ ಪ್ರಶ್ನೆ ಓದಿ ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟುಬಿಟ್ಟೆ, ಅಷ್ಟೇ.

ಫೋನಿನಲ್ಲಿ ಕೇಳಿದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆಂದು ನೀನು ಕ್ಲಿನಿಕ್ಕಿನ ವಿಳಾಸಕ್ಕೆ ಬರೆದಿದ್ದೀಯೆ. "ಅಪ್ಪಾ, ಅಮ್ಮನಿಗೆ ತಾತನ ಕಾಯಿಲೆ ಇದೆಯಾ? ಮದುವೆಗೆ ಮುಂಚೆ ನಮ್ಮಿಬ್ಬರಿಗೂ ಗೊತ್ತಾಗಬೇಕು. ಚೆನ್ನಾಗಿ ಯೋಚನೆ ಮಾಡಿಯೇ ಕೇಳ್ತಾ ಇದ್ದೀನಿ, ಮುಚ್ಚಿಡಬೇಡ." ಇಷ್ಟೇ ತಾನೆ ನಿನ್ನ ಪ್ರಶ್ನೆ? ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಇಲ್ಲವಾದರೆ ನಿನಗೆ ಬರುವ ಮಾತೇ ಇಲ್ಲ. ಅವಳಿಗಿದ್ದರೆ ನಿನಗೆ ಇರುವುದು, ಇಲ್ಲದಿರುವುದು ಅರ್ಧಕ್ಕರ್ಧ. ಉತ್ತರಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನನ್ನನ್ನು ಸ್ವಲ್ಪ ಹೊತ್ತು ಹರಟಲು ಬಿಡು. ದಿನವಿಡೀ ಎದುರಿಗಿರುವವರ ಬಾಯೊಳಗೆ ಹತ್ತಿ ತುರುಕಿ ನಾನೊಬ್ಬನೇ ಮಾತಾಡಿ ರೂಢಿ.

ಮೊದಲು ಸುದ್ದಿ. ಹೋದ ವಾರ ನಿಮ್ಮಮ್ಮನ ಸಂಶೋಧನಾ ಸಂಸ್ಥೆಯವರು ಹೊಸ ಪ್ರಯೋಗಾಲಯದ ಕಟ್ಟಡಕ್ಕೆ ಅವಳ ಹೆಸರಿಟ್ಟರು. ನಿರ್ದೇಶಕರು ಅವಳನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ನನಗೇ ಹೇಳುತ್ತಿದ್ದಾರೆಂಬಂತೆ ತಲೆಯಾಡಿಸುತ್ತಿದ್ದೆ. ಕೊನೆಗೆ ನಿಮ್ಮಮ್ಮ ಎದ್ದು ನಿಂತು, "ತುಂಬಾ ಸಂತೋಷ. ಎರಡನೇ ಮಹಡಿಯ ಸಿಂಕು ಈಗಾಗಲೇ ಸೋರ್ತಾ ಇದೆ. ನನ್ನ ಹೆಸರಿರೋ ಕಟ್ಟಡದಲ್ಲಿ ಸೋರೋದು ಬೇಡ, ದಯವಿಟ್ಟು ಸರಿ ಮಾಡಿಸಿ" ಎಂದು ಕೂತುಬಿಟ್ಟಳು. ಚಪ್ಪಾಳೆ ಹೊಡೆಯುವುದೋ ಕೊಳಾಯಿಯವನನ್ನು ಕರೆಯುವುದೋ ಯಾರಿಗೂ ತಿಳಿಯಲಿಲ್ಲ. ನನಗಂತೂ ಹೆಮ್ಮೆಯಿಂದ ಎದೆಯುಬ್ಬಿತು. ಮಾರನೆಯ ದಿನ ಸಿಂಕು ರಿಪೇರಿಯಾಯಿತಂತೆ.

ಆ ನಿರ್ದೇಶಕರು ತಮ್ಮ ಭಾಷಣದಲ್ಲಿ ಹೇಳದೆ ಬಿಟ್ಟದ್ದನ್ನು ನಾನು ನಿನಗೆ ಹೇಳಬೇಕು. ನಿನ್ನ ತಾತ ಬಸ್ ಡ್ರೈವರ್ ಆಗಿದ್ದದ್ದು ನಿನಗೆ ಗೊತ್ತು. ಕೆಲಸ ಹೋದದ್ದು ಹೇಗೆಂದು ಗೊತ್ತಿರಲಿಕ್ಕಿಲ್ಲ. ನಡೆಯುವಾಗ ತೂರಾಡುತ್ತಿದ್ದರು, ಮಾತು ತೊದಲುತ್ತಿತ್ತು, ಕೈ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಡಿಪೋದವರು ಕುಡಿದು ಬರುತ್ತಾನೆಂದು ಮನೆಗೆ ಕಳಿಸಿದರು. ಬೀದಿಯವರಂತೂ ಕುಡುಕನೆಂದೇ ತೀರ್ಮಾನಿಸಿದ್ದರು. ಶಾಲೆಯಲ್ಲಿ ನಿಮ್ಮಮ್ಮನನ್ನು ಹುಡುಗಿಯರು "ಕುಡುಕನ ಮಗಳು" ಅನ್ನುತ್ತಿದ್ದರಂತೆ. ಆ ಮನುಷ್ಯ ಒಂದು ತೊಟ್ಟೂ ಬಾಯಿಗೆ ಹಾಕಿದವರಲ್ಲ. ಮದುವೆಯಾದ ಹೊಸದರಲ್ಲಿ, "ಇಷ್ಟೊಂದು ಓದುವ ಹಟ ಎಲ್ಲಿಂದ ಬಂತು?" ಎಂದು ಕೇಳಿದ್ದೆ. "ನಮ್ಮಪ್ಪ ಕುಡೀತಿರಲಿಲ್ಲ ರೀ" ಎಂದಳು.

ಅವಳ ಮೊದಲ ಲ್ಯಾಬು ನೀನು ನೋಡಿಲ್ಲ. ಹಳೆಯ ಕಟ್ಟಡದ ಹಿಂದೆ ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದ ಕೋಣೆ. ಫ್ರಿಜ್ಜಿನ ಬಾಗಿಲು ನಿಲ್ಲದೆ ಅದಕ್ಕೆ ಹಗ್ಗ ಬಿಗಿದಿದ್ದಳು. ದೀಪದ ಪೆಟ್ಟಿಗೆಗೆ ದುಡ್ಡು ಮಂಜೂರಾಗಲಿಲ್ಲವೆಂದು ರಕ್ತದ ಪರೀಕ್ಷೆಯ ಗೆರೆಗಳು ಮೂಡಿದ ಎಕ್ಸ್‌ರೇ ಫಿಲ್ಮುಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ ಓದುತ್ತಿದ್ದಳು. ಮೋಡ ಕವಿದರೆ ಕೆಲಸಕ್ಕೆ ರಜೆ. ಐಸು ತುಂಬಿದ ಡಬ್ಬಿ ಹೆಗಲಿಗೆ ಹಾಕಿಕೊಂಡು, ನಿನ್ನ ತಾತನ ಕಾಯಿಲೆಯವರಿರುವ ಮನೆ ಎಲ್ಲಿದೆಯೆಂದು ಕೇಳಿಕೊಂಡು, ಬಸ್ಸು ಹತ್ತಿ ಹೋಗಿ ರಕ್ತ ತರುತ್ತಿದ್ದಳು. ರಜೆಯ ದಿನಗಳಲ್ಲಿ ಡಬ್ಬಿ ಹೊರುವ ಕೂಲಿ ನಾನು.

ಒಂದು ಮನೆಯನ್ನು ನಾನು ಮರೆಯಲಾರೆ. ಬಟ್ಟೆ ಹೊಲಿಯುವ ಹೆಂಗಸು, ಗಂಡ ಹಾಸಿಗೆ ಹಿಡಿದಿದ್ದ, ದೊಡ್ಡ ಮಗನ ಕೈ ಆಗಲೇ ಕುಣಿಯತೊಡಗಿತ್ತು. "ರಕ್ತ ಕೊಟ್ರೆ ಮದ್ದು ಕೊಡ್ತೀಯೇನಮ್ಮಾ?" ಎಂದಳು. ಬೇರೆ ಯಾರಾದರೂ ನೋಡೋಣ, ಪ್ರಯತ್ನಿಸೋಣ ಎಂದು ಜಾರಿಕೊಳ್ಳುತ್ತಿದ್ದರು. ನಿಮ್ಮಮ್ಮ, "ಇಲ್ಲ. ಮದ್ದಿಲ್ಲ. ಇದು ಏನು ಅಂತ ಮೊದಲು ತಿಳೀಬೇಕು, ಆಮೇಲೆ ಮದ್ದಿನ ಮಾತು" ಎಂದಳು. ಆ ಹೆಂಗಸು ಹೊಲಿಗೆಯಂತ್ರದ ಮೇಲೆ ಕೈಯಿಟ್ಟುಕೊಂಡೇ, "ನೀನು ಮಾತ್ರ ಚುಚ್ಚೋಳು, ನಾವು ಮಾತ್ರ ಚುಚ್ಚಿಸ್ಕೊಳ್ಳೋರಾ? ಮೊದಲು ನಿನ್ನ ರಕ್ತ ತೆಗಿ ನೋಡೋಣ" ಎಂದಳು. ನಿಮ್ಮಮ್ಮ ರವಿಕೆಯ ತೋಳು ಮೇಲೆ ಸರಿಸಿ ಕೈಯನ್ನು ನನ್ನ ಮುಂದೆ ಚಾಚಿದಳು. ನಾನು ಒಸಡಿಗೆ ಚುಚ್ಚುವವನು, ಆದರೂ ಹೇಗೋ ಒಂದು ಕೊಳವೆ ತುಂಬಿಸಿದೆ. ಆಮೇಲೆ ಇಡೀ ಮನೆಯವರು ಸಾಲಾಗಿ ತೋಳು ಕೊಟ್ಟರು.

ಹಿಂತಿರುಗಿದ ಮೇಲೆ ಎಲ್ಲ ಕೊಳವೆಗಳನ್ನೂ ಫ್ರಿಜ್ಜಿಗಿಟ್ಟು, ತನ್ನದೊಂದನ್ನು ಮಾತ್ರ ಸಿಂಕಿಗೆ ಸುರಿದು ತೊಳೆದುಬಿಟ್ಟಳು. "ಯಾಕೆ? ನಿನ್ನದನ್ನೂ ನೋಡಬಹುದಲ್ಲ" ಎಂದೆ. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ: "ನನಗಿದೆ ಅಂತ ಗೊತ್ತಾದ್ರೆ ಅವಸರ ಮಾಡ್ತೀನಿ. ಇಲ್ಲ ಅಂತ ಗೊತ್ತಾದ್ರೆ ಸೋಮಾರಿ ಆಗ್ತೀನಿ. ಎರಡೂ ಈ ಕೆಲಸಕ್ಕೆ ಒಳ್ಳೇದಲ್ಲ." ಅಷ್ಟು ಹೇಳಿ ಕೈ ಒರೆಸಿಕೊಂಡು, "ಹಸಿವಾಗ್ತಿದೆ, ನಡೀರಿ" ಎಂದಳು. ನಾನು ಇಂಥವಳನ್ನು ಕಟ್ಟಿಕೊಂಡಿದ್ದೇನಲ್ಲ ಎಂದು ಅವತ್ತು ಬೆರಗಾದವನು ಇನ್ನೂ ಸುಧಾರಿಸಿಕೊಂಡಿಲ್ಲ.

ಆ ದೊಡ್ಡ ಶೋಧನೆಯ ಕತೆಯನ್ನು ನೀನು ಪುಸ್ತಕಗಳಲ್ಲಿ ಓದಿದ್ದೀಯೆ. ಅಲ್ಲಿ ಅದು ಬಹಳ ನೀಟಾಗಿದೆ. ನಡೆದದ್ದು ಹಾಗಲ್ಲ. ಜೀವಕೋಶದೊಳಗಿನ ಡಿಎನ್ಎ ಬರಹಕ್ಕೆ ನಾಲ್ಕೇ ಅಕ್ಷರ. ಅದನ್ನು ಓದುತ್ತ ಹೋದಾಗ ಒಂದು ಕಡೆ ಅದೇ ಮೂರಕ್ಷರ ಮತ್ತೆ ಮತ್ತೆ ಬರುತ್ತಿತ್ತು, ತೊದಲುವವರ ಮಾತಿನ ಹಾಗೆ. ಲ್ಯಾಬಿನಲ್ಲಿ ಎಲ್ಲರೂ, ನಿಮ್ಮಮ್ಮನೂ ಸೇರಿ, ಅದು ನಕಲು ತೆಗೆಯುವಾಗ ಆಗುವ ದೋಷ ಎಂದುಕೊಂಡರು. ಹೆಚ್ಚಾಗಿ ಬಂದದ್ದನ್ನು ಕತ್ತರಿಸಿ, ಅಚ್ಚುಕಟ್ಟು ಮಾಡಿ, ಮುಂದಕ್ಕೆ ಹೋಗುತ್ತಿದ್ದರು. ಹೀಗೆ ವರ್ಷಕ್ಕೂ ಮೇಲಾಯಿತು. ಎಲ್ಲ ಕಡೆ ಹುಡುಕಿದರೂ ಕಾಯಿಲೆಯ ಸುಳಿವೇ ಇಲ್ಲ.

ಅವಳ ವಿದ್ಯಾರ್ಥಿನಿಯೊಬ್ಬಳಿದ್ದಳು, ಸದಾ ಗೊಣಗುವವಳು. ನಾವು ಅವಳಿಗೆ ಗೊಣಗುರಾಣಿ ಎಂದು ಹೆಸರಿಟ್ಟಿದ್ದೆವು. ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬಂದವಳು ತಟ್ಟೆಯ ಮುಂದೆ ಕೂತೇ ರಾಗ ಎಳೆದಳು. "ಆ ಟೈಲರ್ ಮನೆಯವರ ರಕ್ತ ಯಾಕೋ ಸರಿಯಿಲ್ಲ ಮೇಡಂ. ತಿದ್ದೀ ತಿದ್ದೀ ಸಾಕಾಗಿಹೋಯ್ತು. ಅವರಮ್ಮಂದು ಮಾತ್ರ ಏನೂ ತೊಂದರೆ ಕೊಡಲ್ಲ."

"ಚಿಕ್ಕ ಮಗನದು?" ಎಂದಳು ನಿಮ್ಮಮ್ಮ.

"ಅದೂ ಪರವಾಗಿಲ್ಲ. ಅಪ್ಪಂದು, ದೊಡ್ಡ ಮಗಂದು, ಇವೆರಡೇ ತಲೆನೋವು."

ನಿಮ್ಮಮ್ಮ ಅನ್ನದ ಕೈಯಲ್ಲೇ ಎದ್ದು ನಿಂತಳು. ನನಗೆ ಅರ್ಥವಾಗಲಿಲ್ಲ, ಗೊಣಗುರಾಣಿಗೆ ಅರ್ಥವಾಯಿತು. ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ ಮೇಡಂ, ನಾವು ಕಾಯಿಲೆಯನ್ನೇ ಕತ್ತರಿಸಿ ಹಾಕ್ತಿದ್ವಾ?" ಎಂದಳು. ಇಬ್ಬರೂ ಊಟ ಬಿಟ್ಟು ಓಡಿದರು. ಕೈಯನ್ನಾದರೂ ತೊಳೆದುಕೊಂಡು ಹೋಗಿ ಎಂದು ನಾನು ಬಾಗಿಲಲ್ಲಿ ನಿಂತು ಕೂಗಿದೆ. ಗಟ್ಟಿಮುಟ್ಟಾಗಿರುವವರಲ್ಲಿ ಆ ಮೂರಕ್ಷರ ಸ್ವಲ್ಪ ಸಲ ಬಂದು ನಿಲ್ಲುತ್ತಿತ್ತು. ಕಾಯಿಲೆಯವರಲ್ಲಿ ಅದು ನಿಲ್ಲದೆ ಉದ್ದಕ್ಕೆ ಬೆಳೆದಿತ್ತು. ಇವರು ದೋಷವೆಂದು ತಿದ್ದಿದ್ದೇ ಉತ್ತರವಾಗಿತ್ತು.

ಪರದೇಶದ ದೊಡ್ಡ ಸಭೆಯಲ್ಲಿ ಇದನ್ನು ಹೇಳಬೇಕಾಗಿ ಬಂದಾಗ, ಆ ತಪ್ಪಿನ ಭಾಗ ಬಿಟ್ಟುಬಿಡಿ, ನಗೆಪಾಟಲಾಗುತ್ತದೆ ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ನಿಮ್ಮಮ್ಮ ವೇದಿಕೆ ಹತ್ತಿ ಮೊದಲ ಮಾತೇ ಅದನ್ನು ಹೇಳಿದಳು: "ಉತ್ತರ ನಮ್ಮ ಕಣ್ಣೆದುರಿಗೇ ಇತ್ತು. ನಾವು ಅದನ್ನು ಶ್ರದ್ಧೆಯಿಂದ ಅಳಿಸುತ್ತಿದ್ದೆವು. ನಿಮ್ಮಲ್ಲೂ ಯಾರಾದರೂ ಅಳಿಸುತ್ತಿದ್ದರೆ ಇವತ್ತೇ ನಿಲ್ಲಿಸಿ." ಆ ಪುಸ್ತಕಗಳಲ್ಲಿ ಗೊಣಗುರಾಣಿಯ ಹೆಸರು ನಿಮ್ಮಮ್ಮನ ಹೆಸರಿಗಿಂತ ಮೊದಲು ಬಂದಿರುವುದೂ ನಿಮ್ಮಮ್ಮನೇ ಜಗಳವಾಡಿ ಮಾಡಿಸಿದ್ದು. ನಾನು ಹೆಂಡತಿಯನ್ನು ಹೊಗಳುವ ಗಂಡ ಎಂದು ನಗಬೇಡ. ಹೊಗಳುವಂಥವಳು ಸಿಕ್ಕಿದ್ದಾಳೆ, ಹೊಗಳುತ್ತೇನೆ.

ಅದಾದ ಮೇಲೆ ಕಾಯಿಲೆ ಇದೆಯೋ ಇಲ್ಲವೋ ಎಂದು ಮುಂಚೆಯೇ ಹೇಳುವ ಪರೀಕ್ಷೆ ಬಂತು. ಅವಳದೇ ಪರೀಕ್ಷೆ. ಎಷ್ಟೋ ಮನೆಯವರು ಬಂದರು. ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ತಿಳ್ಕೊಳ್ಳೋದೂ ನಿಮ್ಮಿಷ್ಟ, ಬೇಡ ಅನ್ನೋದೂ ನಿಮ್ಮಿಷ್ಟ. ಇವತ್ತು ಹೇಳಬೇಡಿ, ಮನೆಗೆ ಹೋಗಿ ಯೋಚನೆ ಮಾಡ್ಕೊಂಡು ಬನ್ನಿ" ಅನ್ನುತ್ತಾಳೆ. ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ. ಬರದವರನ್ನು ಅವಳು ಒಂದು ಮಾತೂ ಆಡಿದವಳಲ್ಲ. ನಿನ್ನ ಸೋದರಮಾವ ಬಂದ, ತಿಳಿದುಕೊಂಡ. ಅವನಿಗೆ ಇತ್ತು. ಆಮೇಲೆ ಅವನು ಬದುಕಿದ್ದಷ್ಟು ದಿನ ನಿಮ್ಮಮ್ಮನೇ ಅವನಿಗೆ ಶರ್ಟಿನ ಗುಂಡಿ ಹಾಕುತ್ತಿದ್ದಳು, ತುತ್ತಿಡುತ್ತಿದ್ದಳು. ಆದರೆ ತನ್ನ ಪರೀಕ್ಷೆಯನ್ನು ತಾನು ಇವತ್ತಿನವರೆಗೂ ಮಾಡಿಸಿಕೊಂಡಿಲ್ಲ.

ಆದ್ದರಿಂದ ಪುಟ್ಟಿ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ಅವಳು ಪರೀಕ್ಷೆ ಮಾಡಿಸಿಕೊಂಡಿಲ್ಲ, ಕಾಗದಪತ್ರದಲ್ಲಿ ಎಲ್ಲೂ ಏನೂ ಇಲ್ಲ. ನೀನು ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ನಾನು ಹೇಳುವವನಲ್ಲ. ಯಾವ ದಾರಿ ಹಿಡಿದರೂ ನಿನ್ನ ಹಿಂದೆ ನಾವಿದ್ದೇವೆ. ನಿನ್ನ ಹುಡುಗನಿಗೆ ಎಲ್ಲವನ್ನೂ ಹೇಳಿದ್ದೀಯೆಂದು ಬರೆದದ್ದು ಓದಿ ಸಮಾಧಾನವಾಯಿತು. ಕೇಳಿದ ಮೇಲೂ ಅವನು ನಿನ್ನ ಜೊತೆಗೇ ಇದ್ದಾನೆಂದರೆ ಅವನ ಹಲ್ಲುಗಳನ್ನು ನಾನು ಜೀವಮಾನವಿಡೀ ಪುಕ್ಕಟೆ ನೋಡುತ್ತೇನೆಂದು ತಿಳಿಸು.

ನಿಮ್ಮಿಬ್ಬರ ಬಾಳು ನಗುನಗುತ್ತಾ ಸಾಗಲಿ. ನಿನಗೆ ನನ್ನ ಆಯಸ್ಸೂ ಕೂಡಲಿ, ನಿಮ್ಮಮ್ಮನ ಗಟ್ಟಿತನವೂ ಬರಲಿ. ಮೂಗು ಮಾತ್ರ ನನ್ನದು ಬಂದುಬಿಟ್ಟಿದೆ, ಅದಕ್ಕೆ ನಾನೇನೂ ಮಾಡುವಂತಿಲ್ಲ.

ಮನಸಾರೆ ಹರಸುವ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಮೇಲೆ ಬರೆದಿರುವುದರಲ್ಲಿ ಸುಳ್ಳಿಲ್ಲ, ಆದರೆ ನೀನು ಕೇಳಿದ್ದು ಕಾಗದಪತ್ರದ ವಿಷಯವಲ್ಲ.

ನಮ್ಮಿಬ್ಬರ ನಡುವೆ ಒಂದು ಪದ್ಧತಿಯಿದೆ. ಆರು ತಿಂಗಳಿಗೊಮ್ಮೆ ನಿಮ್ಮಮ್ಮ ಕ್ಲಿನಿಕ್ಕಿಗೆ ಬಂದು, ಉಳಿದವರ ಜೊತೆ ಬೆಂಚಿನ ಮೇಲೆ ಕೂತು, ತನ್ನ ಸರದಿ ಬಂದಾಗ ಒಳಗೆ ಬರುತ್ತಾಳೆ. ಹಲ್ಲು ನೋಡಿ ಮುಗಿದ ಮೇಲೆ, ನಾನು ಕೇಳದಿದ್ದರೂ, ನಾಲಿಗೆ ಹೊರಗೆ ಚಾಚಿ ಹಿಡಿಯುತ್ತಾಳೆ. ಈ ಕಾಯಿಲೆಯಿದ್ದವರಿಗೆ ಚಾಚಿದ ನಾಲಿಗೆಯನ್ನು ಚಾಚಿದಲ್ಲೇ ನಿಲ್ಲಿಸಲಾಗುವುದಿಲ್ಲ, ಅದು ತಾನಾಗಿ ಒಳಗೆ ಸರಿಯುತ್ತದೆ. ಇದು ಅವಳಿಗೂ ಗೊತ್ತು, ನನಗೂ ಗೊತ್ತು. "ಹಲ್ಲೆಲ್ಲ ಗಟ್ಟಿಯಾಗಿವೆ" ಅನ್ನುತ್ತೇನೆ. "ಸರಿ" ಎಂದು ಬಾಯಿ ಒರೆಸಿಕೊಂಡು ಲ್ಯಾಬಿಗೆ ಹೋಗುತ್ತಾಳೆ. ಇಷ್ಟು ವರ್ಷ ನಾವಿಬ್ಬರೂ ಇದನ್ನು ಬರೀ ಹಲ್ಲಿನ ವ್ಯವಹಾರವೆಂಬಂತೆಯೇ ನಡೆಸಿಕೊಂಡು ಬಂದೆವು.

ಕಟ್ಟಡಕ್ಕೆ ಹೆಸರಿಟ್ಟ ಆ ಸಮಾರಂಭದ ಮಾರನೆಯ ದಿನ ಬಂದಿದ್ದಳು. ನಾಲಿಗೆ ಚಾಚಿದಳು. ನಿಲ್ಲಲಿಲ್ಲ. ಮತ್ತೆ ಚಾಚಿದಳು, ಮತ್ತೆ ಸರಿಯಿತು. ನಾನು ಮಾಸ್ಕಿನ ಒಳಗಿನಿಂದ, "ಹಲ್ಲೆಲ್ಲ ಗಟ್ಟಿಯಾಗಿವೆ" ಎಂದೆ.

"ರೀ, ನಾನು ಹಲ್ಲಿನ ವಿಷಯ ಕೇಳ್ತಿಲ್ಲ" ಎಂದಳು.

ನಾನು ಕೈಯಲ್ಲಿದ್ದ ಕನ್ನಡಿಯನ್ನು ಟ್ರೇಯಲ್ಲಿಟ್ಟೆ.

"ಕುರ್ಚಿ ನೇರ ಮಾಡಿ. ಮಲ್ಕೊಂಡು ಕೇಳೋ ಮಾತಲ್ಲ ಇದು."

ಕುರ್ಚಿ ನೇರ ಮಾಡಿದೆ. ಮಾಸ್ಕು ತೆಗೆದು ಕಂಡದ್ದನ್ನು ಹೇಳಿದೆ. ಅವಳು ತಲೆಯಾಡಿಸಿದಳು. "ಮಗಳು ಕೇಳಿದ್ದಾಳೆ ಅಲ್ವಾ? ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ಬರೆದುಬಿಡಿ. ಇದು ನನ್ನ ಉತ್ತರ, ಅವಳದಲ್ಲ ಅಂತ ಸ್ಪಷ್ಟವಾಗಿ ಬರೀರಿ" ಎಂದಳು. ಅಲ್ಲಿಯವರೆಗೂ ದನಿ ಗಟ್ಟಿಯಾಗಿತ್ತು. ಕುರ್ಚಿಯಿಂದ ಇಳಿಯಲು ಹೋದವಳು ಇಳಿಯದೆ ನನ್ನ ಕೋಟಿನ ತೋಳು ಹಿಡಿದುಕೊಂಡಳು.

"ನನ್ನದು ಬಿಡಿ ರೀ. ಅವಳು ಕೇಳೋ ಹೊತ್ತಿಗೆ ಮದ್ದು ಸಿಕ್ಕಿರುತ್ತೆ ಅಂದ್ಕೊಂಡಿದ್ದೆ."

ನಿಮ್ಮಮ್ಮ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಪುಟ್ಟಿ, ಬೇಗ ಬಂದು ಹೋಗು.