ಖಾಲಿ ಕುರ್ಚಿಯ ಮೇಲಿನ ಟೋಪಿ

ಲಾರೆನ್ಸ್, ಮಸಾಚುಸೆಟ್ಸ್
೧೯೧೨ ನವೆಂಬರ್ ೧೦, ಭಾನುವಾರ

ನನ್ನ ಕಂದ ವೀತೊಗೆ ಅಮ್ಮನ ಮುತ್ತುಗಳು.

ಕೆಮ್ಮು ಹೇಗಿದೆ? ಎದೆಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತೀಯೋ, ಇಲ್ಲ ಎಂದಿನಂತೆ ಹೂಂಗುಟ್ಟಿ ಸುಮ್ಮನಾಗುತ್ತೀಯೋ? ನಿನ್ನ ಹೆಂಡತಿ ನಿನ್ಫಾ ಸೊರಗಿದ್ದಾಳೆ, ಆದರೂ ನನ್ನ ಪಕ್ಕ ಕೂತು ಹಗಲೂರಾತ್ರಿ ಪ್ಯಾಂಟುಗಳಿಗೆ ಗುಂಡಿ ಹೊಲಿಯುತ್ತಾಳೆ. ಮಗು ಮಾತ್ರ ಗುಂಡುಗುಂಡಾಗಿದೆ.

ಮುಷ್ಕರದಲ್ಲಿ ಗಿರಣಿಯ ಗೇಟು ಮುರಿದವನು ನೀನೇ ಎಂದು ಪೊಲೀಸರು ಹುಡುಕತೊಡಗಿದಾಗ, ನೀನು ನದಿಪಾಲಾದೆ ಎಂದು ಎದೆ ಬಡಿದುಕೊಂಡು ಅತ್ತವಳು ನಾನು. ಬದುಕಿರುವ ಮಗನಿಗಾಗಿ ಕಪ್ಪು ಬಟ್ಟೆ ತೊಡುವ ಸಂಕಟ ನನ್ನ ಶತ್ರುವಿಗೂ ಬೇಡ. ಎಲ್ಲರೂ ನಂಬಿದ್ದರು. ಅಷ್ಟರಲ್ಲಿ ಒಬ್ಬ ಫೋಟೋದವನು ಬಂದ.

ಮನೆಯಲ್ಲೇ ಕೂಲಿ ಹೊಲಿಗೆ ಮಾಡುವ ನಮ್ಮಂಥವರ ಪಾಡನ್ನು ದೊಡ್ಡವರಿಗೆ ತೋರಿಸುತ್ತಾನಂತೆ. ಒಳ್ಳೆಯ ಮನುಷ್ಯ. ನಾನು ಹಬ್ಬದ ಶಾಲು ತರಲು ಓಡಿದರೆ, 'ಬೇಡಮ್ಮ, ಕೆಲಸ ಮಾಡ್ತಾ ಇರೋ ಹಾಗೇ ಕೂತ್ಕೊಳ್ಳಿ' ಎಂದ. ಹರಕು ಏಪ್ರನ್ನಿನಲ್ಲಿ ಯಾರಾದರೂ ಫೋಟೋ ತೆಗೆಸಿಕೊಳ್ಳುತ್ತಾರೆಯೇ! ಈ ಗೊಂದಲದಲ್ಲಿ ನಿನ್ಫಾ ಏನು ಮಾಡಿದಳೆಂದು ನಾನು ನೋಡಲಿಲ್ಲ. ಕಡಲಾಚೆಯ ನಮ್ಮೂರಲ್ಲಿ ಮನೆಮಂದಿಯ ಫೋಟೋ ತೆಗೆಸುವಾಗ ದೂರ ಹೋದವನ ಕುರ್ಚಿಯ ಮೇಲೆ ಅವನ ಟೋಪಿ ಇಡುತ್ತೇವಲ್ಲ, ಸತ್ತಿದ್ದರೆ ಅದಕ್ಕೆ ಕಪ್ಪು ಪಟ್ಟಿ ಕಟ್ಟುತ್ತೇವಲ್ಲ. ಅವಳು ನಿನ್ನ ಟೋಪಿ ಇಟ್ಟಿದ್ದಳು. ಪಟ್ಟಿ ಕಟ್ಟಿರಲಿಲ್ಲ. ಫೋಟೋದವನು ಹೋದ ಮೇಲೆ ಕಂಡು ಬೈದಾಗ ಬಿಕ್ಕಿದಳು: 'ಬದುಕಿರೋರಿಗೆ ನನ್ನ ಕೈಯಾರೆ ಹೇಗೆ ಕಟ್ಲಿ, ಅತ್ತೆ?'

ಫೋಟೋ ಪತ್ರಿಕೆಯಲ್ಲಿ ಅಚ್ಚಾಯಿತು. ಬೇರೆಯವರ ಕಣ್ಣಿಗೆ ಅದು ಬರೀ ಟೋಪಿ. ಆದರೆ ಗಿರಣಿಯ ಮೇಸ್ತ್ರಿ ಕಾಲೋಜೆರೊ ಊರಲ್ಲಿ ನಮ್ಮ ಬೀದಿಯಲ್ಲೇ ಹುಟ್ಟಿದವನು, ಟೋಪಿಯ ಪದ್ಧತಿ ಬಲ್ಲವನು. ನಿನ್ನೆ ಬಂದು ನಿನ್ನ ಕುರ್ಚಿಯಲ್ಲೇ ಕೂತ, ನಿನ್ನ ಟೋಪಿಯನ್ನು ತಲೆಗಿಟ್ಟು ನೋಡಿದ. 'ಪಟ್ಟಿ ಎಲ್ಲಿ, ಚಿಕ್ಕಮ್ಮ?' ಎಂದು ನಗುನಗುತ್ತಲೇ ಕೇಳಿದ. 'ಬಡವರ ಮನೇಲಿ ಕಪ್ಪು ಬಟ್ಟೆ ಎಲ್ಲಿಂದ ಬರ್ಬೇಕಪ್ಪ' ಎಂದುಬಿಟ್ಟೆ. ಅವನು ನಾನು ತೊಟ್ಟಿದ್ದ ಕಪ್ಪು ಬಟ್ಟೆಯನ್ನೇ ನೋಡುತ್ತ ಕೂತ.

ಕ್ರಿಸ್ಮಸ್‌ಗೆ ಬರುತ್ತೇನೆ ಎಂದು ನೀನು ಹೇಳಿದ್ದೆ. ಬರಬೇಡ. ನಿನ್ಫಾಳ ಮೇಲೆ ಸಿಟ್ಟಾಗಬೇಡ, ಅವಳು ಊಟ ಬಿಟ್ಟಿದ್ದಾಳೆ. ನಮ್ಮ ಗುಟ್ಟು ಬಲ್ಲ ಪಕ್ಕದ ಮನೆಯ ಲೂಕಾ ನಿನ್ನ ಕಡೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಪತ್ರ ಕೊಡುತ್ತಿದ್ದೇನೆ. ಓದಿ ಒಲೆಗೆ ಹಾಕು. ಮಾತೆ ಮರಿಯಮ್ಮ ನಿನ್ನನ್ನು ತನ್ನ ಮಡಿಲಲ್ಲಿಟ್ಟು ಕಾಯಲಿ.

ನಿನ್ನ ಹೆತ್ತವಳು,
ವೆನೆರಾ

ಮರೆತಿದ್ದೆ, ಲೂಕಾ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ: ಕಾಲೋಜೆರೊ ಹೋಗುವಾಗ ನಿನ್ನ ಟೋಪಿಯನ್ನು ತೆಗೆದುಕೊಂಡು ಹೋದ. ನಾಳೆ ನಮ್ಮೂರಿನವರಿರುವ ಕಡೆಯೆಲ್ಲ ವಿಚಾರಿಸಲು ಹೊರಡುತ್ತಾನಂತೆ. ಯಾರಾದರೂ ಆ ಟೋಪಿ ತೋರಿಸಿ, 'ನಿಮ್ಮಮ್ಮ ಕಳಿಸಿದ್ದಾರೆ' ಎಂದರೆ ಬಾಗಿಲು ತೆಗೆಯಬೇಡ, ಮಗನೇ. ನಾನು ಯಾರನ್ನೂ ಕಳಿಸಿಲ್ಲ.