ಅಕ್ಕನಿಗೆ ಹೇಳಿದ್ದು

ಮಾರ್ಚ್ ೧೪, ಶುಕ್ರವಾರ

ಕೊನೆಗೂ ಅಕ್ಕನಿಗೆ ಹೇಳಿಬಿಟ್ಟೆ. ಚರ್ಚಿನಲ್ಲಿ ಈ ಸಾಲಿನ ಆರು ಸಂಗೀತ ಕಛೇರಿಗಳ ಪೈಕಿ ನಾಲ್ಕು ಮುಗಿದಿವೆ. ನಾಲ್ಕರಲ್ಲೂ ಮೇಲಿನ ಸ್ವರಕ್ಕೆ ಹೋದಾಗ ಅವಳ ದನಿ ಒಡೆಯಿತು. ಗಾಯನವೃಂದವನ್ನು ನಡೆಸುವವನು ನಾನು, ನನಗೆ ಹಾಡು ಕಲಿಸಿದವಳು ಅವಳು.

ತಾಲೀಮು ಮುಗಿದು ಎಲ್ಲರೂ ಹೊರಟ ಮೇಲೆ, "ಅಕ್ಕಾ, ನಾಳೆ ನೀನು ಹಾಡೋದು ಬೇಡ" ಅಂದೆ.

"ಯಾವಾಗ ಬಾಯಿ ಬಿಡ್ತೀಯ ಅಂತ ಮೂರು ವಾರದಿಂದ ಕಾಯ್ತಿದ್ದೆ ಕಣೋ" ಎಂದಳು. ಹಾಡಿನ ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟಳು. "ನಾಳೆ ಕೊನೇ ಸಾಲಲ್ಲಿ ಕೂತ್ಕೋತೀನಿ. ಮುಂದೆ ಕೂತ್ರೆ, ತಪ್ಪಿದಾಗೆಲ್ಲ ತಿರುಗಿ ನನ್ನ ಮುಖ ನೋಡ್ತೀಯ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳ ಜಾಗದಲ್ಲಿ ಯಾರನ್ನು ನಿಲ್ಲಿಸಲಿ? ಯೋಚಿಸುವ ತ್ರಾಣವೂ ಇಲ್ಲ. ನಾಳೆ ಕೈ ಎತ್ತಿದಾಗ ತಿರುಗಿ ಕೊನೇ ಸಾಲಿನತ್ತ ನೋಡದಿದ್ದರೆ ಸಾಕು.